ಇಂಗ್ಲೆಂಡಿನಲ್ಲಿ ಮಗುವಿಗೆ ಜ್ವರ ಬಂದರೆ

ಊರಲ್ಲಾದರೆ ಮಗುವಿಗೆ ಮೈ ಬಿಸಿಯಾದ ಕೂಡಲೇ ಸೀದಾ ಮಕ್ಕಳ ಡಾಕ್ಟರ ಹತ್ತಿರ ಓಡುತ್ತೇವೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಮಕ್ಕಳ ತಜ್ಞರು ಹೆಚ್ಚಾಗಿ ಇರುವುದು ಆಸ್ಪತ್ರೆಯಲ್ಲಿ, ಅಲ್ಲಿಗೆ ಸಾಮಾನ್ಯವಾಗಿ ಜಿಪಿಯೇ (ಎಲ್ಲ ಕಾಯಿಲೆಗೂ ಮೊದಲು ನೋಡುವ ಸ್ಥಳೀಯ ಡಾಕ್ಟರು) ಕಳಿಸಬೇಕು. ಹಾಗಾಗಿ ಮನೆ ಸಿಕ್ಕ ವಾರದಲ್ಲೇ ಹತ್ತಿರದ ಜಿಪಿ ಕ್ಲಿನಿಕ್‌ನಲ್ಲಿ ಮಗುವಿನ ಹೆಸರು ನೋಂದಾಯಿಸಿ.

ಜಿಪಿ ನೋಡಿ, "ವೈರಲ್ ಜ್ವರ, ಪ್ಯಾರಾಸಿಟಮಾಲ್ ಕೊಡಿ, ಆಗಾಗ ಏನಾದರೂ ಕುಡಿಸಿ" ಎಂದು ವಾಪಸ್ ಕಳಿಸಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ. ಆ್ಯಂಟಿಬಯೋಟಿಕ್ ಕೂಡ ಬರೆಯಲಿಲ್ಲವಲ್ಲ ಅಂತ! ಅದು ಉದಾಸೀನವಲ್ಲ. ವೈರಸ್‌ಗೆ ಆ ಔಷಧಿ ನಾಟುವುದಿಲ್ಲ. ಕಿವಿಯ ಸೋಂಕು ಸಹ ಎಷ್ಟೋ ಸಲ 3 ದಿನದಲ್ಲಿ ತಾನಾಗಿ ಇಳಿಯುತ್ತದೆ. ಮಗು ಕುಡಿಯುತ್ತಿದೆಯಾ, ಉಚ್ಚೆ ಮಾಡುತ್ತಿದೆಯಾ, ಕರೆದರೆ ನೋಡುತ್ತದೆಯಾ ಎಂದು ಕೇಳುತ್ತಾರೆ. ಫೋನ್ ಮಾಡುವ ಮೊದಲೇ ಇದನ್ನು ಗಮನಿಸಿಡಿ. ಅಂದಹಾಗೆ, ಅಜ್ಜಿಯ ಒದ್ದೆ ಬಟ್ಟೆ ಉಪಚಾರ ಬೇಡ ಅನ್ನುತ್ತದೆ ಎನ್‌ಎಚ್‌ಎಸ್. ಅಜ್ಜಿಗೆ ಹೇಳುವುದು ನಿಮ್ಮ ಪಾಡು.

ಆದರೆ ಕೆಲವು ಕಡೆ ಕಾಯಲೇಬಾರದು. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ (ನಮ್ಮ ಫ್ಯಾರನ್‌ಹೀಟ್ ಲೆಕ್ಕದಲ್ಲಿ 100.4), 3ರಿಂದ 6 ತಿಂಗಳಿನದಕ್ಕೆ 39 ಮುಟ್ಟಿದರೆ ತಕ್ಷಣ ಜಿಪಿಗೆ ಅಥವಾ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. 5 ವರ್ಷದೊಳಗಿನ ಮಕ್ಕಳಿಗೆ 111ರ ವೆಬ್‌ಸೈಟ್ ಅಲ್ಲ, ಫೋನೇ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಕೇಳಬಹುದು, ದುಡ್ಡಿಲ್ಲ. ಉಸಿರಾಟಕ್ಕೆ ಒದ್ದಾಡುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಗಾಜಿನ ಲೋಟ ಒತ್ತಿದರೂ ಮಾಸದ ಕಲೆಗಳಿದ್ದರೆ ತುರ್ತು ನಂಬರ್ 999ಕ್ಕೇ ಫೋನ್ ಮಾಡಿ. ನಮ್ಮ ಮೈಬಣ್ಣದಲ್ಲಿ ಆ ಕಲೆ ಸುಲಭವಾಗಿ ಕಾಣುವುದಿಲ್ಲ. ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗ ನೋಡಿ.

ಸಣ್ಣಪುಟ್ಟದಕ್ಕೆ ಫಾರ್ಮಸಿಯೇ ಸಾಕು. 2024ರ ಜನವರಿಯಿಂದ 1 ವರ್ಷ ದಾಟಿದ ಮಕ್ಕಳ ಕಿವಿಯ ಸೋಂಕಿಗೆ, 5 ದಾಟಿದವರ ಗಂಟಲುನೋವಿಗೆ ಫಾರ್ಮಸಿಸ್ಟ್ ಅವರೇ ನೋಡಿ, ಬೇಕಿದ್ದರೆ ಆ್ಯಂಟಿಬಯೋಟಿಕ್ ಕೊಡಬಹುದು. 16ರೊಳಗಿನವರಿಗೆ ಚೀಟಿ ಔಷಧಿ ಉಚಿತ.

ಇನ್ನೊಂದು ವಿಷಯ: ಕ್ಷಯದ ಲಸಿಕೆ ಬಿಸಿಜಿಯನ್ನು ಇಲ್ಲಿ ಎಲ್ಲ ಮಕ್ಕಳಿಗೂ ಹಾಕುವುದಿಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿಯಲ್ಲಿ ಯಾರಾದರೂ ಕ್ಷಯ ಜಾಸ್ತಿ ಇರುವ ದೇಶದಲ್ಲಿ ಹುಟ್ಟಿದ್ದರೆ ಕೂಸಿಗೆ ಕೊಡುತ್ತಾರೆ, ಭಾರತ ಅದರಲ್ಲಿ ಸೇರುತ್ತದೆ. ಹೆರಿಗೆಗೆ ಮೊದಲೇ ಮಿಡ್‌ವೈಫ್‌ಗೆ (ಬಸುರಿ, ಹೆರಿಗೆ ನೋಡಿಕೊಳ್ಳುವವರು) ಹೇಳಿಡಿ. ತಪ್ಪಿಹೋಗಿದ್ದರೆ ಹೆಲ್ತ್ ವಿಸಿಟರ್ (ಸಣ್ಣ ಮಕ್ಕಳ ಆರೋಗ್ಯ ವಿಚಾರಿಸುವ ನರ್ಸ್) ಮನೆಗೆ ಬಂದಾಗ ಕೇಳಿ.