ಶಿಲೀಂಧ್ರದ ಲ್ಯಾಬ್‌ಗೆ ಸೇರಿದ್ದೀರಾ? ಮೊದಲು ಮೊಗ್ಗು ನೋಡಲು ಕಲಿಯಿರಿ

ಕ್ಯಾಂಡಿಡಾ ಅಥವಾ ಕ್ರಿಪ್ಟೋಕಾಕಸ್ ಎಂಬ ರೋಗ ತರುವ ಶಿಲೀಂಧ್ರಗಳ ಮೇಲೆ ಕೆಲಸ ಮಾಡುವ ಲ್ಯಾಬ್‌ಗೆ ರಿಸರ್ಚ್ ಅಸಿಸ್ಟೆಂಟ್ ಆಗಿ ಸೇರಿದ ಕೂಡಲೇ ಪಿಸಿಆರ್, ಜೀನ್ ಡಿಲೀಷನ್ ಅಂತ ಓಡಬೇಡಿ. ಮೊದಲ ಹದಿನೈದು ದಿನ ಮೈಕ್ರೋಸ್ಕೋಪ್ ಮುಂದೆ ಕೂತು, ಯಾವ ಜೀನೂ ಬದಲಾಗದ ಮಾಮೂಲಿ ಸ್ಟ್ರೇನ್ (ತಳಿ) ನೋಡಿ. ಇವುಗಳ ಕೋಶ ವಿಭಜನೆಯಾಗುವಾಗ ತಾಯಿ ಕೋಶದ ಮೇಲೆ ಸಣ್ಣ ಮೊಗ್ಗು ಮೂಡಿ, ಬೆಳೆದು, ಹೊಸ ಕೋಶವಾಗುತ್ತದೆ. ಸರಿಯಾದ ವಿಭಜನೆ ಹೇಗಿರುತ್ತೆ ಅಂತ ಕಣ್ಣಿಗೆ ಗೊತ್ತಿದ್ದರೆ ತಾನೇ ತಪ್ಪಿದ್ದು ಕಾಣುವುದು?

ಹಿಂದಿನ ಸಂಜೆ ವೈಪಿಡಿ ಎಂಬ ಪೋಷಕ ದ್ರವದಲ್ಲಿ ಕಲ್ಚರ್ ಹಾಕಿ 30 ಡಿಗ್ರಿಯ ಶೇಕರ್‌ನಲ್ಲಿ ಇಡಿ. ಬೆಳಗ್ಗೆ ಅದನ್ನೇ ಸ್ಲೈಡ್‌ಗೆ ಹಾಕಬೇಡಿ. ರಾತ್ರಿಯಿಡೀ ಬೆಳೆದು ಆಹಾರ ಮುಗಿಸಿದ ಕೋಶಗಳು ವಿಭಜನೆಯನ್ನೇ ನಿಲ್ಲಿಸಿರುತ್ತವೆ. ಹೊಸ ಮೀಡಿಯಾಗೆ ಸ್ವಲ್ಪ ಹಾಕಿ, ಒ.ಡಿ. (ಕೋಶ ಹೆಚ್ಚಿದಂತೆ ಏರುವ ಮಬ್ಬಿನ ಅಳತೆ) 0.2ರಿಂದ ಶುರು ಮಾಡಿ, 0.8ರ ಹತ್ತಿರ ಬಂದಾಗ ತೆಗೆಯಿರಿ. ನಾನು ಶುರುವಿನಲ್ಲಿ ಈ ಹಂತ ಬಿಟ್ಟು, ಮೊಗ್ಗೇ ಇಲ್ಲದ ಕೋಶಗಳನ್ನು ಎಣಿಸುತ್ತಾ ಒಂದು ವಾರ ಕಳೆದುಕೊಂಡೆ.

ಈಗ ಎಣಿಕೆ. ಮೊಗ್ಗಿಲ್ಲದ್ದು, ಸಣ್ಣ ಮೊಗ್ಗಿನದು, ದೊಡ್ಡ ಮೊಗ್ಗಿನದು ಅಂತ ಮೂರು ಗುಂಪು ಮಾಡಿ, ಪ್ರತಿಯೊಂದರಲ್ಲೂ ನ್ಯೂಕ್ಲಿಯಸ್ ಎಲ್ಲಿದೆ ಅಂತ ಬರೆದುಕೊಳ್ಳಿ. ಕ್ರಿಪ್ಟೋಕಾಕಸ್‌ನಲ್ಲಿ ನ್ಯೂಕ್ಲಿಯಸ್ ಪೂರ್ತಿ ಮೊಗ್ಗಿನೊಳಗೆ ಹೋಗಿ, ಅಲ್ಲೇ ಎರಡಾಗಿ, ಒಂದು ಪಾಲು ತಾಯಿ ಕೋಶಕ್ಕೆ ವಾಪಸ್ ಬರುತ್ತದೆ. ಗೊತ್ತಿಲ್ಲದವರು ಖಾಲಿ ತಾಯಿ ಕೋಶ ನೋಡಿದ ಕೂಡಲೇ ಮ್ಯುಟೆಂಟ್ (ಜೀನ್ ಬದಲಾದ ಸ್ಟ್ರೇನ್) ಸಿಕ್ಕಿತು ಅಂದುಕೊಳ್ಳುತ್ತಾರೆ! ಪ್ರತಿ ಸ್ಟ್ರೇನ್‌ಗೆ ಕಡಿಮೆ ಅಂದ್ರೂ 100 ಕೋಶ ಎಣಿಸಿ, ಅದನ್ನೇ ಮೂರು ಬೇರೆ ದಿನ ಮಾಡಿ. ಸ್ಲೈಡಿನ ಹೆಸರು ಕಾಣದಂತೆ ಟೇಪ್ ಅಂಟಿಸಲು ಪಕ್ಕದವರಿಗೆ ಹೇಳಿ. ಯಾವುದು ಮ್ಯುಟೆಂಟ್ ಅಂತ ಗೊತ್ತಿದ್ದರೆ, ಎಷ್ಟೇ ಪ್ರಾಮಾಣಿಕರಾದರೂ, ಅನುಮಾನದ ಕೋಶಗಳು ಬೇಕಾದ ಕಡೆಗೇ ಬೀಳುತ್ತವೆ.

ದೊಡ್ಡ ಮೊಗ್ಗಿನ ಕೋಶ ತುಂಬಾ ಜಾಸ್ತಿ ಇದ್ದರೆ ವಿಭಜನೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಅನುಮಾನಪಡಿ. ಮಾಮೂಲಿ ಸ್ಟ್ರೇನ್‌ಗೆ ನೊಕೊಡಜೋಲ್ ಎಂಬ ರಾಸಾಯನಿಕ ಹಾಕಿ ನೋಡಿ. ಅದು ಕ್ರೋಮೋಸೋಮುಗಳನ್ನು ಎಳೆದು ಹಂಚುವ ಮೈಕ್ರೋಟ್ಯೂಬ್ಯೂಲ್ ಎಳೆಗಳನ್ನು ಬಿಚ್ಚುವುದರಿಂದ ಕೋಶಗಳು ದೊಡ್ಡ ಮೊಗ್ಗಿನ ಹಂತದಲ್ಲೇ ನಿಲ್ಲುತ್ತವೆ. ಹೋಲಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಕ್ಯಾಂಡಿಡಾ ಆಲ್ಬಿಕನ್ಸ್‌ನಲ್ಲಿ ಪ್ರೋಟೀನ್ ಎಲ್ಲಿದೆ ಅಂತ ನೋಡಲು ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಜೋಡಿಸುವುದಾದರೆ, ಅದಕ್ಕೆಂದೇ ಬದಲಿಸಿದ ಜಿಎಫ್‌ಪಿ ಬೇಕು. ಈ ಶಿಲೀಂಧ್ರ ಸಿಯುಜಿ ಕೋಡಾನನ್ನು (ಒಂದು ಅಮೈನೋ ಆಮ್ಲ ಸೂಚಿಸುವ ಮೂರಕ್ಷರದ ಸಂಕೇತ) ಬೇರೆ ಜೀವಿಗಳಂತೆ ಲ್ಯೂಸಿನ್ ಅಂತ ಅಲ್ಲ, ಸೆರಿನ್ ಅಂತ ಓದುತ್ತದೆ.

ಇಷ್ಟೊಂದು ಎಣಿಕೆ ಯಾಕೆ ಅಂತ ಬೇಜಾರಾದಾಗ ಆಸ್ಪತ್ರೆಯ ಕಡೆ ನೋಡಿ. ವಿಭಜನೆಯಲ್ಲಿ ಎಡವಟ್ಟಾಗಿ ಐದನೇ ಕ್ರೋಮೋಸೋಮಿನ ಎಡತೋಳು ಜಾಸ್ತಿ ಪ್ರತಿಗಳಲ್ಲಿ ಉಳಿದ ಕ್ಯಾಂಡಿಡಾ ಶಿಲೀಂಧ್ರ ಸೋಂಕಿನ ಔಷಧಿ ಫ್ಲುಕೊನಜೋಲ್‌ಗೆ ಬಗ್ಗುವುದಿಲ್ಲ, ಏಕೆಂದರೆ ಆ ಔಷಧಿ ತಡೆಯುವ ಪ್ರೋಟೀನಿನ ಜೀನ್ ಆ ತೋಳಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅತಿ ಗಂಭೀರ ಅಂತ ಪಟ್ಟಿ ಮಾಡಿದ ನಾಲ್ಕು ಶಿಲೀಂಧ್ರಗಳಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್, ಕ್ರಿಪ್ಟೋಕಾಕಸ್ ನಿಯೋಫಾರ್ಮನ್ಸ್ ಎರಡೂ ಇವೆ.

ಹಾಗಾಗಿ ಕ್ರಿಪ್ಟೋಕಾಕಸ್ ಪ್ಲೇಟ್ ತೆಗೆಯುವುದು ಬಯೋಸೇಫ್ಟಿ ಕ್ಯಾಬಿನೆಟ್ ಒಳಗೆ ಮಾತ್ರ, ಬಳಸಿದ ಎಲ್ಲವೂ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹೋಗಲೇಬೇಕು. ಹೊಸ ಸ್ಟ್ರೇನ್ ಸಿಕ್ಕಿದ ದಿನವೇ ಗ್ಲಿಸರಾಲ್ ಸ್ಟಾಕ್ (ಹೆಪ್ಪುಗಟ್ಟಿಸಿ ಕಾಪಾಡುವ ಮಾದರಿ) ಮಾಡಿ, ಹೆಸರು ಮತ್ತು ತಾರೀಕು ಬರೆದು ಮೈನಸ್ 80 ಡಿಗ್ರಿಯ ಫ್ರೀಜರ್‌ಗೆ ಸೇರಿಸಿ. ನಾಳೆ ಮಾಡೋಣ ಅನ್ನಬೇಡಿ.