ಹದಿನಾರು ಪಂಪು, ಒಂದು ಆಲ್ಕೋ

ನಮ್ಮ ಶೆಡ್ಡಿನ ಹಿಂದಿನ ಲೈನಿನಲ್ಲಿ ಡಬ್ಲ್ಯೂಡಿಎಂ-2 ಅನ್ನೋ ಒಂದು ಹಳೇ ಡೀಸೆಲ್ ರೈಲು ಇಂಜಿನ್ ಆರು ವರ್ಷದಿಂದ ಸುಮ್ನೆ ನಿಂತಿತ್ತು. ಗುಜರಿಗೆ ಹೋಗಬೇಕಾದ ಲೋಕೋ. ಕೊನೆ ಗಳಿಗೆಯಲ್ಲಿ ಮೇಲಿನವರು ಅದನ್ನು ಪ್ರದರ್ಶನಕ್ಕೆ ಇಡೋಣ ಅಂದರು. ಬಣ್ಣ ಬಳಿದು, ಒಡೆದ ಗಾಜು ಬದಲಿಸಿ, ಮುಂದೆ ಒಂದು ಬೋರ್ಡು ನೆಟ್ಟರೆ ಮುಗೀತು ಅನ್ನೋದು ಅವರ ಲೆಕ್ಕ. ನನಗೆ ಸಮಾಧಾನ ಆಗಲಿಲ್ಲ. ಈ ಲೋಕೋಗೆ ನಾವು ಕರೆಯೋದೇ ಆಲ್ಕೋ ಅಂತ; ಸದ್ದು ಕೇಳಿಯೇ ಆಲ್ಕೋ ಬರ್ತಾ ಇದೆ ಅಂತ ಜನ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ ಕಾಲ ಒಂದಿತ್ತು. "ಒಂದು ಸಲ ಸ್ಟಾರ್ಟ್ ಮಾಡಿ ಕೊಡ್ತೀವಿ ಸಾರ್, ಆಮೇಲೆ ಬೋರ್ಡು ನೆಡಿ" ಅಂದೆ. ಒಪ್ಪಿದರು, ಆದರೆ ಮಾಮೂಲಿ ಕೆಲಸ ಮುಗಿದ ಮೇಲೆ ಮಾತ್ರ ಇದಕ್ಕೆ ಕೈ ಹಚ್ಚಬೇಕು ಅಂತ.

ಬಣ್ಣ ಕೆರೆಯುವಾಗ ಮೇಲೆ ನೀಲಿ, ಅದರಡಿ ಹಸಿರು, ಎಲ್ಲಕ್ಕಿಂತ ಕೆಳಗೆ ಗಾಢ ಕೆಂಪು ಸಿಕ್ಕಿತು. ಯಾವುದು ಅಸಲಿ ಬಣ್ಣ ಅಂತ ಒಂದು ವಾರ ಜಗಳ. ಎಲ್ಲಿ ಮಾಡಿದ್ದು ಅಂತ ಹೇಳುವ ಬಿಲ್ಡರ್ ಪ್ಲೇಟ್ ತಿಕ್ಕಿದಾಗ ವಾರಾಣಸಿ ಅಂತ ಕಂಡಿತು. ಈ ಜಾತಿಯ ಮೊದಲ ಲೋಕೋಗಳು 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಹಡಗಿನಲ್ಲಿ ಬಂದವು. 1964ರ ಜನವರಿಯಲ್ಲಿ ವಾರಾಣಸಿಯ ಡೀಸೆಲ್ ಲೋಕೋ ಕಾರ್ಖಾನೆ ಡಿಎಲ್‌ಡಬ್ಲ್ಯೂ ತನ್ನ ಮೊದಲ ಲೋಕೋ ಹೊರಗೆ ಬಿಟ್ಟಿತು. ತಮಾಷೆ ಏನಂದ್ರೆ 1969ರಲ್ಲಿ ಆಲ್ಕೋ ತಾನೇ ಲೋಕೋ ಮಾಡೋದು ನಿಲ್ಲಿಸಿಬಿಟ್ಟಿತು, ನಮ್ಮವರು ಮಾತ್ರ ಅದೇ 251 ಇಂಜಿನ್ನನ್ನು ಹತ್ತಾರು ವರ್ಷ ಮಾಡ್ತಾನೇ ಇದ್ದರು. ವಿ ಆಕಾರದಲ್ಲಿ 16 ಸಿಲಿಂಡರ್, 2600 ಅಶ್ವಶಕ್ತಿ, ಇಡೀ ಲೋಕೋ ಸುಮಾರು 113 ಟನ್.

ಮೊದಲ ದಿನ ಸ್ಟಾರ್ಟ್ ಬಟನ್ ಹತ್ತಿರ ಯಾರನ್ನೂ ಬಿಡಲಿಲ್ಲ. ನಿಂತ ಇಂಜಿನ್ ಒಳಗೆ ಎಲ್ಲಿ ನೀರು ಕೂತಿದೆಯೋ ಗೊತ್ತಾಗಲ್ಲ. ನೀರನ್ನು ಪಿಸ್ಟನ್ ಒತ್ತಲಾರದು, ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಅದಕ್ಕೆ ಹದಿನಾರೂ ಸಿಲಿಂಡರಿನ ಒಳಗಿನ ಒತ್ತಡ ಬಿಡುವ ಡಿಕಂಪ್ರೆಷನ್ ಪ್ಲಗ್ ಬಿಚ್ಚಿ, ಸಲಾಕೆ ಹಾಕಿ ಇಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್‌ಶಾಫ್ಟನ್ನು ಕೈಯಲ್ಲೇ ತಿರುಗಿಸಿದೆವು. ನಾಲ್ಕು ಜನ, ಇಂಚು ಇಂಚಾಗಿ. ಒಂದು ಪ್ಲಗ್ಗಿನಿಂದ ಕಂದು ನೀರು ಚಿಮ್ಮಿ ನಮ್ಮ ಹುಡುಗನ ಅಂಗಿ ಹಾಳಾಯಿತು. "ಇದು ಎದ್ದೇಳುತ್ತಾ ಅಣ್ಣಾ?" ಅಂದ. ತಿರುಗ್ತಾ ಇದೆಯಲ್ಲ, ಅಷ್ಟು ಸಾಕು ಅಂದೆ.

ನಿಜವಾದ ತಲೆನೋವು ಫ್ಯೂಯಲ್ ಪಂಪುಗಳದ್ದು. ಆಲ್ಕೋದಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಪಂಪ್. ಪ್ರತಿ ಪಂಪಿಗೂ ಜಾರುವ ಹಲ್ಲಿನ ಕಡ್ಡಿ, ಅಂದರೆ ಒಂದು ರ‍್ಯಾಕ್, ಅದು ಎಷ್ಟು ಸರಿಯುತ್ತೋ ಅಷ್ಟು ಡೀಸೆಲ್. ಹಳೇ ಡೀಸೆಲ್ ಅಂಟಾಗಿ ಗಟ್ಟಿಯಾಗಿದ್ದರಿಂದ ಹದಿನಾರರಲ್ಲಿ ಹನ್ನೊಂದು ರ‍್ಯಾಕ್ ಅಲುಗಾಡಲಿಲ್ಲ. ತೆರೆದ ಜಾಗದಲ್ಲಿ ರ‍್ಯಾಕ್ ಕಚ್ಚಿಕೊಂಡರೆ ವೇಗ ಹಿಡಿತದಲ್ಲಿಡುವ ಗವರ್ನರ್ ಎಷ್ಟೇ ಎಳೆದರೂ ಡೀಸೆಲ್ ಕಮ್ಮಿ ಆಗಲ್ಲ, ಇಂಜಿನ್ ಹುಚ್ಚು ಹಿಡಿದಂತೆ ಓಡುತ್ತೆ. ಓವರ್‌ಸ್ಪೀಡ್ ಟ್ರಿಪ್ ಇದೆ, ವೇಗ ಮಿತಿ ಮೀರಿದರೆ ಇಂಜಿನ್ ನಿಲ್ಲಿಸೋಕೆ, ಸರಿ, ಆದರೆ ಅದೂ ಆರು ವರ್ಷ ನಿದ್ದೆ ಮಾಡಿದ ಸಾಮಾನೇ ಅಲ್ವಾ? ಎಲ್ಲಾ ಪಂಪ್ ಇಳಿಸಿ ಡೀಸೆಲ್ ಡಬ್ಬದಲ್ಲಿ ನೆನೆಹಾಕಿದೆವು. ಬೆರಳಲ್ಲಿ ತಳ್ಳಿದರೆ ತಾನಾಗಿ ಜಾರಬೇಕು, ಅಲ್ಲಿತನಕ ಬಿಡಲಿಲ್ಲ. ಎರಡು ತಿಂಗಳು ಅಲ್ಲೇ ಹೋಯಿತು. ವೈರಿಂಗನ್ನು ಇಲಿ ತಿಂದಿತ್ತು, ಅದು ಎಲೆಕ್ಟ್ರಿಕಲ್‌ನವರ ಪಾಡು, ಅವರು ಬೈದುಕೊಂಡೇ ಮಾಡಿಕೊಟ್ಟರು.

ಇನ್ನೇನು ಆಯ್ತು ಅಂತ ಇಂಜಿನ್ ತಣ್ಣಗಿಡುವ ನೀರು ತುಂಬಿಸಿದೆವು. ಸಾವಿರ ಲೀಟರಿಗೂ ಜಾಸ್ತಿ ಹಿಡಿಯುತ್ತೆ. ಎರಡು ಗಂಟೆ ಬಿಟ್ಟು ಕ್ರ್ಯಾಂಕ್‌ಕೇಸಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟರೆ ಎರಡು ಲೈನರಿನ, ಅಂದರೆ ಸಿಲಿಂಡರ್ ಒಳಗಿನ ಕೊಳವೆಯ, ಬುಡದಿಂದ ತೊಟ್ಟಿಕ್ತಾ ಇದೆ. ಅವೆರಡರ ಸೀಲ್ ರಿಂಗನ್ನು ನಾವೇ ಬದಲಿಸಿದ್ದೆವು, ಹೊರಗಡೆ ಅಂಗಡಿಯಲ್ಲಿ ತಂದ ಅಗ್ಗದ ಮಾಲು. ತಪ್ಪು ನನ್ನದೇ, ಅಳತೆ ನೋಡದೆ ಹಾಕಿಸಿದ್ದೆ. ಮತ್ತೆ ಹೆಡ್ ಎತ್ತಿ, ಪಿಸ್ಟನ್ ಎಳೆದು, ಲೈನರ್ ಹೊರಗೆ. ಆ ವಾರ ಯಾರೂ ನನ್ನ ಜೊತೆ ಟೀ ಕುಡಿಯಲಿಲ್ಲ.

ಕೊನೆಗೆ ಒಂದು ಶನಿವಾರ ಸಂಜೆ ಎಂಟು ಬ್ಯಾಟರಿ ಚಾರ್ಜ್ ಮಾಡಿ ಜೋಡಿಸಿದೆವು. ಇದರಲ್ಲಿ ಬೇರೆ ಸ್ಟಾರ್ಟರ್ ಇಲ್ಲ, ಬ್ಯಾಟರಿ ಕರೆಂಟಿನಲ್ಲಿ ಮೇನ್ ಜನರೇಟರೇ ಮೋಟಾರಿನಂತೆ ತಿರುಗಿ ಇಂಜಿನ್ ಎಳೆಯುತ್ತೆ. ಒಬ್ಬನನ್ನು ಸ್ಟಾಪ್ ಬಟನ್ ಹತ್ತಿರ ನಿಲ್ಲಿಸಿ, ಬೆರಳು ತೆಗೀಬೇಡ ಅಂತ ಹೇಳಿ, ನಾನು ಸ್ಟಾರ್ಟ್ ಒತ್ತಿದೆ. ಮೊದಲ ಸಲ ಬರೀ ನರಳಾಟ. ಎರಡನೇ ಸಲ ಒಂದು ಸಿಲಿಂಡರ್ ಹೊಡೆಯಿತು, ಆಮೇಲೆ ಇನ್ನೊಂದು, ನಾನು ಬಟನ್ ಬಿಡಲೇ ಇಲ್ಲ, ಒಂದೊಂದಾಗಿ ಎಲ್ಲಾ ಸೇರಿಕೊಂಡು ಆ ಕುಂಟು ಹೆಜ್ಜೆಯ ಗುಡುಗುಡು ಶುರುವಾಯಿತು. 400 ಆರ್‌ಪಿಎಂ ಹತ್ತಿರ ನಿಂತಿತು. ಪಕ್ಕದ ಶೆಡ್ಡಿನಿಂದ ಕೆಲಸ ಬಿಟ್ಟು ಓಡಿಬಂದರು.

ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿದೆವು. ಆಮೇಲೆ ನೋಡಿದರೆ ಚಿಮಣಿಯಿಂದ ಹಾರಿದ ಮಸಿ, ಆಯಿಲ್ ಎಲ್ಲಾ ಇಂಜಿನ್ ಮುಚ್ಚುವ ಉದ್ದ ಭಾಗ ಲಾಂಗ್ ಹುಡ್ಡಿನ ಹೊಸ ಕೆಂಪು ಬಣ್ಣದ ಮೇಲೆ ಚುಕ್ಕಿ ಚುಕ್ಕಿ. ಪೇಂಟರ್ ಸೋಮವಾರ ಬಂದವನೇ ಬ್ರಷ್ ಕೆಳಗಿಟ್ಟು, "ಸ್ಟಾರ್ಟ್ ಮಾಡೋರು ಮೊದಲೇ ಹೇಳಬಾರದಾ ಗುರೂ?" ಅಂದ.