ಒಸ್ತೂನಿಗೆ ಹೋದರೆ ಮಧ್ಯಾಹ್ನ ಮಲಗಿ

ಕಲಬುರಗಿಯ ಮೇ ತಿಂಗಳು ಉಂಡವರಿಗೆ ಇಟಲಿಯ ಬಿಸಿಲು ಯಾವ ಲೆಕ್ಕ ಅನಿಸುತ್ತದೆ. ಆದರೆ ಪುಲಿಯಾ ಪ್ರಾಂತ್ಯದ ಗುಡ್ಡದ ಊರು ಒಸ್ತೂನಿಯಲ್ಲಿ ಕಾಡುವುದು ಸೆಕೆಯಲ್ಲ, ಗೋಡೆ. ಹಳೇ ಊರಿಗೆ ಊರೇ ಸುಣ್ಣ ಬಳಿದುಕೊಂಡಿದೆ. ನಡುಹಗಲಲ್ಲಿ ಬೆಳಕು ಮೇಲಿಂದ ಬಿದ್ದದ್ದು ಸಾಲದೆಂದು ಎರಡೂ ಪಕ್ಕದಿಂದ ಕಣ್ಣಿಗೆ ಹೊಡೆಯುತ್ತದೆ. ಟೋಪಿಯೊಂದೇ ಸಾಲದು, ಕಪ್ಪು ಕನ್ನಡಕ ಬೇಕೇ ಬೇಕು. ಅಂಗಡಿಗಳೂ ಮಧ್ಯಾಹ್ನ ಒಂದರಿಂದ ಸುಮಾರು ಐದರವರೆಗೆ ಬಾಗಿಲು ಹಾಕುತ್ತವೆ. ಹಾಗಾಗಿ ನಮ್ಮ ಬೇಸಿಗೆಯ ದಿನಚರಿಯನ್ನೇ ಅಲ್ಲೂ ಇಟ್ಟುಕೊಳ್ಳಿ: ಬೆಳಿಗ್ಗೆ ಏಳರಿಂದ ಹನ್ನೊಂದು, ಮತ್ತೆ ಸಂಜೆ ಐದರ ಮೇಲೆ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು. ಆಗಸ್ಟ್‌ನಲ್ಲಿ ಇಟಲಿಯವರಿಗೇ ರಜೆ, ಕಾಲಿಡಲು ಜಾಗವಿರುವುದಿಲ್ಲ.

ಇಟಲಿಗೆ ಬೇಕಾದ ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ಬೆರಳಚ್ಚು ಕೊಡಲು ವೀಸಾ ಕೇಂದ್ರಕ್ಕೇ ಹೋಗಬೇಕು. ಆ ಓಡಾಟದ ಖರ್ಚು ಎರಡು ಸಲ ಆಗದಿರಲು ಮೂರು ವಿಷಯ ನೋಡಿಕೊಳ್ಳಿ: ಷೆಂಗೆನ್ ಬಿಟ್ಟು ಹೊರಡುವ ದಿನದಿಂದ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಅವಧಿ, ಅದರಲ್ಲಿ ಎರಡು ಖಾಲಿ ಪುಟ, ಕನಿಷ್ಠ 30,000 ಯುರೋ ರಕ್ಷಣೆಯ ಪ್ರವಾಸ ವಿಮೆ. ಅರ್ಜಿಗೆ ಮುಂಚೆ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ತುಂಬಬೇಡಿ. ಅದು ಯಾರದು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ವಿಮಾನಕ್ಕೆ ನಮಗೆ ಹೈದರಾಬಾದ್ ಹತ್ತಿರ. ರೋಮ್‌ನಿಂದ ಪುಲಿಯಾದ ಬಾರಿ ನಗರಕ್ಕೆ ವೇಗದ ರೈಲಿನಲ್ಲಿ ಸುಮಾರು ನಾಲ್ಕು ತಾಸು. ಅಲ್ಲಿಂದ ಲೆಚ್ಚೆ ಕಡೆಯ ಪ್ರಾದೇಶಿಕ ರೈಲು ಒಸ್ತೂನಿಯಲ್ಲಿ ನಿಲ್ಲುತ್ತದೆ. ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ನಿಲ್ದಾಣ ಗುಡ್ಡದ ಬುಡದಲ್ಲಿ, ಆಲಿವ್ ತೋಟಗಳ ಬಯಲಲ್ಲಿದೆ. ಊರು ಎರಡು-ಮೂರು ಕಿ.ಮೀ. ಮೇಲೆ. ಭಾನುವಾರ ಬಸ್ ಕಡಿಮೆ, ಅವತ್ತು ಹೋಗದಿರುವುದೇ ಲೇಸು. ಬಾಡಿಗೆ ಕಾರು ತಗೊಂಡರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿರಿ. ಹಳೇ ಊರಿನ 'ಜೆಡ್‌ಟಿಎಲ್' (ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ವಲಯ) ಫಲಕ ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಟ್ಟಲೆ ಬಿಟ್ಟು ಮನೆಗೇ ಬರುತ್ತದೆ.

ನಡಿಗೆ ಶುರುಮಾಡುವುದು ಪಿಯಾಜ್ಜಾ ದೆಲ್ಲಾ ಲಿಬರ್ತಾ ಚೌಕದಿಂದ. ಅಲ್ಲಿ 1771ರ ಸಂತ ಒರೊಂಜೊ ಕಂಬವಿದೆ. ವಿಯಾ ಕತೆದ್ರಾಲೆ ರಸ್ತೆ ಹಿಡಿದು ಮೇಲೇರಿದರೆ ದಾರಿಯಲ್ಲೇ ವಸ್ತುಸಂಗ್ರಹಾಲಯ. 1991ರಲ್ಲಿ ಹತ್ತಿರದ ಅನ್ಯಾನೊ ಗುಹೆಯಲ್ಲಿ ಸಿಕ್ಕ ಸುಮಾರು 28,000 ವರ್ಷ ಹಳೆಯ ಗರ್ಭಿಣಿಯ ಸಮಾಧಿ ಇಲ್ಲಿನ ಮುಖ್ಯ ವಿಷಯ. ಹೊಟ್ಟೆಯೊಳಗಿನ ಶಿಶುವಿನ ಎಲುಬೂ ಉಳಿದಿತ್ತು. ಇದನ್ನು ಬಿಟ್ಟು ಬರೀ ಫೋಟೊ ತೆಗೆದು ಬರುವವರೇ ಹೆಚ್ಚು. ತುದಿಯಲ್ಲಿ 15ನೇ ಶತಮಾನದ ಕತೆದ್ರಾಲ್, ಅಂದರೆ ಊರಿನ ದೊಡ್ಡ ಚರ್ಚು. ಒಳಗೆ ಹೋಗಲು ಭುಜ, ಮೊಣಕಾಲು ಮುಚ್ಚಿರಬೇಕು.

ಕಾಲಡಿಯ ಕಲ್ಲಿನ ಮೇಲೆ ಗಮನವಿರಲಿ. ನೀರು ಚೆಲ್ಲಿದ ಶಹಾಬಾದ್ ಫರಸಿ ಎಷ್ಟು ಜಾರುತ್ತದೋ, ಶತಮಾನಗಳ ನಡಿಗೆಯಿಂದ ನುಣುಪಾದ ಈ ಸುಣ್ಣಕಲ್ಲು ಇಬ್ಬನಿ ಬಿದ್ದರೆ ಅಷ್ಟೇ ಜಾರುತ್ತದೆ. ರಬ್ಬರ್ ಅಟ್ಟೆಯ ಬೂಟು ಹಾಕಿ, ಚಪ್ಪಲಿ ಬೇಡ. ಗಾಲಿಯ ಸೂಟ್‌ಕೇಸ್ ಮೆಟ್ಟಿಲಲ್ಲಿ ಎಳೆದರೆ ಗಾಲಿ ಉಳಿಯುವುದಿಲ್ಲ, ಬೆನ್ನಿಗೆ ಹಾಕುವ ಚೀಲವೇ ಸರಿ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಒರಗಿದರೆ ಏನಾಗುತ್ತದೆಂದು ನಮಗೆ ಹೇಳಬೇಕಿಲ್ಲ.

ಮೊಬೈಲ್ ಬಿಳಿ ಗೋಡೆಯನ್ನು ಬೂದು ಮಾಡಿ ತೋರಿಸುತ್ತದೆ. ಗೋಡೆಯ ಮೇಲೆ ಬೆರಳಿಟ್ಟು ಬೆಳಕಿನ ಗುರುತನ್ನು ಸ್ವಲ್ಪ ಮೇಲೆ ಜಾರಿಸಿ. ಇಡೀ ಊರು ಚಿತ್ರದಲ್ಲಿ ಬರಬೇಕಾದರೆ ಒಳಗಿದ್ದು ಆಗದು, ಸಂಜೆ ಕೆಳಗಿನ ಸುತ್ತುರಸ್ತೆಗೆ ಇಳಿಯಿರಿ.

ಸಸ್ಯಾಹಾರಿಗಳಿಗೆ 'ಫಾವೆ ಎ ಚಿಕೋರಿಯಾ' ಇದೆ: ಒಣ ಫಾವಾ ಕಾಳನ್ನು ಬೇಯಿಸಿ ನುಣ್ಣಗೆ ಅರೆದು, ಕಹಿ ಸೊಪ್ಪು, ಆಲಿವ್ ಎಣ್ಣೆ ಹಾಕಿದ್ದು. ತೊಗರಿಯ ನಾಡಿನವರಿಗೆ ಹಿಡಿಸುತ್ತದೆ, ಖಾರ ಮಾತ್ರ ಸೊನ್ನೆ. ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಇಟ್ಟುಕೊಂಡಿರಿ. ಜಿ6ಪಿಡಿ ಕೊರತೆ (ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕಿಣ್ವ ಕಡಿಮೆ ಇರುವುದು) ಇದ್ದವರು ಫಾವಾ ಮುಟ್ಟಲೇಬಾರದು, ರಕ್ತಕಣ ಒಡೆಯುತ್ತವೆ. ಆರ್ಡರ್ ಮಾಡುವಾಗ 'ಸೆಂಜಾ ಕಾರ್ನೆ, ಸೆಂಜಾ ಪೆಶ್ಶೆ' (ಮಾಂಸ ಬೇಡ, ಮೀನು ಬೇಡ) ಎನ್ನಿ, 'ಸೆಂಜಾ ಅಚ್ಚೂಗೆ' (ಆಂಚೊವಿ ಎಂಬ ಸಣ್ಣ ಮೀನೂ ಬೇಡ) ಎಂದೂ ಸೇರಿಸಿ. ಸೊಪ್ಪಿನ ಪಲ್ಯದಲ್ಲೂ ಅದನ್ನು ಕರಗಿಸಿರುತ್ತಾರೆ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗಿಷ್ಟು ಕಂಡರೆ ಮೋಸವಲ್ಲ, ಕುಳಿತ ಜಾಗದ ಹಣ.